ಸೊಸೆಗೆ ಮಾತ್ರ ಹೊಡೆಯದ ಮೊಬೈಲು

ಕಣ್ಣಿಗೆ ಕಾಣದೆ ಎಲ್ಲದರೊಳಗೂ ಹರಿದಾಡುವ ಆ ಮಹಾತಾಯಿಗೆ ಮೊದಲ ನಮಸ್ಕಾರ. ಅವಳು ನುಡಿಸಿದಷ್ಟು ನುಡಿಯುತ್ತೇನೆ. ಒಪ್ಪಾದರೆ ಅವಳದು, ತಪ್ಪಾದರೆ ನನ್ನ ನಾಲಿಗೆಯದು.

ಮಡಿ, ಪೂಜೆ ಅಂತ ಇರುವ ಮನೆಗೆ ಹೊಸ ಸಾಮಾನು ಬಂದಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ನಮ್ಮ ಮನೆಗೆ ಮಿಕ್ಸಿ ಬಂದಾಗ ಅತ್ತೆಯವರು ಅದಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ನಮಸ್ಕಾರ ಮಾಡಿ, ಆಮೇಲೆ ಬಹಳ ಕಾಲ ಅದರಲ್ಲಿ ರುಬ್ಬಿದ್ದನ್ನು ತಿನ್ನಲೇ ಇಲ್ಲ. ಫ್ರಿಜ್ಜು ಬಂದಾಗ ಅದರ ಗುಂಯ್ ಎನ್ನುವ ಸದ್ದಿಗೆ ನಾನೇ ಎದ್ದು ಕೂತು ರಾಮರಾಮ ಅಂದದ್ದುಂಟು. ಆದರೆ ಯುಗಾದಿಗೆ ನಮ್ಮ ಮನೆಗೆ ಬಂದ ಒಂದು ಮೊಬೈಲು ಮಾಡಿದ್ದನ್ನು ನೆನೆದರೆ ಈಗಲೂ ಮೈಮೇಲಿನ ಕೂದಲು ಒಮ್ಮೆ ಏಳುತ್ತದೆ. ಆಮೇಲೆ ನಗು ಬರುತ್ತದೆ.

ಮನೆ ವಿಜಯನಗರದಲ್ಲಿದೆ. ಹಳೇ ಕಾಲದ ಕೆಂಪು ನೆಲದ ಮನೆ. ಬಚ್ಚಲುಮನೆಯಿಂದ ದೇವರಮನೆಗೆ ಹೋಗಲು ಒಂದು ಕತ್ತಲೆ ಪ್ಯಾಸೇಜು. ಅಲ್ಲಿ ಗೋಡೆಯಲ್ಲೊಂದು ಗೂಡು, ಗೂಡಿನ ಪಕ್ಕ ಒಂದು ಸ್ವಿಚ್ಚು. ಸ್ನಾನ ಮಾಡಿದವರೆಲ್ಲ ಒದ್ದೆ ಬಟ್ಟೆಯಲ್ಲೇ ಆ ದಾರಿಯಲ್ಲಿ ಹಾದು ದೇವರ ಮುಂದೆ ನಿಲ್ಲಬೇಕು. ಹೊರಗಿನಿಂದ ಬಂದವರು ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದು ಅದೇ ದಾರಿಯಲ್ಲಿ ಒಳಗೆ ಬರಬೇಕು. ಹೀಗಾಗಿ ಆ ನೆಲ ಒಣಗಿದ್ದನ್ನು ನಾನು ಕಂಡೇ ಇಲ್ಲ.

ಮಾಘದಲ್ಲಿ ಮಗನ ಮದುವೆಯಾಯಿತು. ಸೊಸೆ ಕೆಂಗೇರಿಯವಳು. ನಗುಮೊಗದ ಹುಡುಗಿ. ಅವಳಿಗೆ ಹಿಮ್ಮಡಿ ನೋವು. ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬಾರದು ಅಂತ ಡಾಕ್ಟರು ಹೇಳಿದ್ದರು. ಮನೆಯೊಳಗೇ ಹಾಕಿಕೊಳ್ಳಲು ಒಂದು ಜೊತೆ ರಬ್ಬರ್ ಚಪ್ಪಲಿ ನಾನೇ ತರಿಸಿಕೊಟ್ಟೆ. ದೇವರಮನೆ ಹೊಸ್ತಿಲಲ್ಲಿ ಬಿಟ್ಟರೆ ಸಾಕು ಅಂದೆ. ಅವಳು ಮೊದಲ ಯುಗಾದಿಗೆ ನನಗೊಂದು ಮೊಬೈಲು ತಂದುಕೊಟ್ಟಳು. ಸುತ್ತ ಬೆಳ್ಳಿಯ ಹಾಗೆ ಹೊಳೆಯುವ ಲೋಹದ ಅಂಚು. "ಅತ್ತೆ, ಬೆಳಗ್ಗೆ ಸ್ತೋತ್ರ ಹಾಕ್ಕೊಳ್ಳಿ," ಅಂದಳು. ಮಗ ಅದನ್ನು ಗೂಡಿನಲ್ಲಿಟ್ಟು ಚಾರ್ಜಿಗೆ ಸಿಗಿಸಿದ.

ಬೆರಳಿಗೆ ಬಂದವಳು

ಒಂದು ಶುಕ್ರವಾರ ಬೆಳಕು ಹರಿಯುವ ಮೊದಲು ತಲೆಗೆ ಸ್ನಾನ ಮಾಡಿ, ನೀರು ತೊಟ್ಟಿಕ್ಕುವ ಸೀರೆಯಲ್ಲಿ ಪ್ಯಾಸೇಜಿಗೆ ಬಂದೆ. ಗೂಡಿನಲ್ಲಿ ಮೊಬೈಲು ದೇವಿಯ ನಾಮಗಳನ್ನು ಹೇಳುತ್ತಿತ್ತು. ಅದರ ನೀಲಿ ಬೆಳಕು ಒದ್ದೆ ನೆಲದ ಮೇಲೆ ಬಿದ್ದು ಅಲ್ಲಾಡುತ್ತಿತ್ತು. ಸ್ವಲ್ಪ ಜೋರು ಮಾಡೋಣ ಅಂತ ಅಂಚು ಮುಟ್ಟಿದೆ.

ಇರುವೆಗಳ ಸಾಲೊಂದು ಬೆರಳ ತುದಿಯಿಂದ ಮೊಣಕೈವರೆಗೆ ಓಡಿದ ಹಾಗಾಯಿತು.

ಕೈ ಎಳೆದುಕೊಂಡೆ. ಮತ್ತೆ ಮೆಲ್ಲಗೆ ಮುಟ್ಟಿದೆ. ನೋವಲ್ಲ, ಉರಿಯಲ್ಲ. ಹಾಡುವವರ ಗಂಟಲ ಮೇಲೆ ಬೆರಳಿಟ್ಟರೆ ಒಳಗೊಂದು ನಡುಕ ತಿಳಿಯುತ್ತದಲ್ಲ, ಹಾಗೆ. ಒಳಗೆ ಯಾರೋ ಜೀವಂತ ಇದ್ದ ಹಾಗೆ. ನನಗೆ ಕಣ್ಣಲ್ಲಿ ನೀರು ಬಂತು. "ತಾಯೀ, ಬಂದೆಯಾ?" ಅಂದೆ.

ಹಾಲಿನಿಂದ ನಮ್ಮ ಯಜಮಾನರು ಕೂಗಿದರು: "ಯಾರೇ ಬಂದಿದ್ದು ಇಷ್ಟು ಹೊತ್ತಿಗೆ?"

ಹೇಳಿದೆ. ಅವರು ನಕ್ಕರು. "ಮೊಬೈಲು ಎಲ್ಲಾದ್ರೂ ಶಾಕ್ ಹೊಡಿಯುತ್ತೇನೇ? ಅದರ ಬ್ಯಾಟರೀಲಿ ಇರೋದು ಟಾರ್ಚಿನಷ್ಟು ಶಕ್ತಿ. ನಿನ್ನ ಕೈ ಜೋಮು ಹಿಡಿದಿದೆ ಅಷ್ಟೇ."

ಅದು ಚಾರ್ಜಿಗೆ ಸಿಕ್ಕಿಕೊಂಡಿದೆ ಅನ್ನುವುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವರು ಸ್ನಾನಕ್ಕೆ ಹೋದರು. ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಪಂಚಪಾತ್ರೆ ಹಿಡಿದು ಬಂದರು. ಸಂಧ್ಯಾವಂದನೆಗೆ ಹಾಡು ಅಡ್ಡಿ ಅಂತ ನಿಲ್ಲಿಸಲು ಹೋದರೋ ಏನೋ, ಠಣ್ ಅಂತ ಪಂಚಪಾತ್ರೆ ನೆಲಕ್ಕೆ ಬಿತ್ತು. ಓಡಿಹೋಗಿ ನೋಡಿದರೆ ಗೋಡೆಗೆ ಬೆನ್ನು ಆನಿಸಿ ನಿಂತಿದ್ದಾರೆ, ಜನಿವಾರ ಬಿಗಿಯಾಗಿ ಹಿಡಿದುಕೊಂಡು.

"ಏನಾಯ್ತು ರೀ?"

"ಏನಿಲ್ಲ ಕಣೇ," ಅಂದರು, ಸಣ್ಣ ದನಿಯಲ್ಲಿ. "ನಿನ್ನ ತಾಯಿ ಇನ್ನೂ ಹೋಗಿಲ್ಲ."

ದೀಪದ ಹೊತ್ತಿನ ಕರೆ

ಒಂದು ಸಂಜೆ ದೀಪ ಹಚ್ಚುತ್ತಿದ್ದೆ. ಯಜಮಾನರು ವಾಕಿಂಗಿಗೆ ಹೋಗಿದ್ದರು, ಸೊಸೆ ಮಹಡಿ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಮನೆಯಲ್ಲಿ ನಾನೊಬ್ಬಳೇ.

ಗೂಡಿನಲ್ಲಿ ಬೆಳಕು ಬಂತು. ಯಾರೂ ಮುಟ್ಟಿಲ್ಲ. ನೋಡುತ್ತಿದ್ದ ಹಾಗೆ ಪರದೆ ತಾನೇ ಸರಿಯಿತು. ಕಾಣದ ಬೆರಳೊಂದು ಅವಸರದಲ್ಲಿ ಏನನ್ನೋ ಹುಡುಕಿದ ಹಾಗೆ ಒಂದೊಂದೇ ತೆರೆಯಿತು, ಮುಚ್ಚಿತು. ಅಕ್ಷರಗಳು ತಾವೇ ಬಿದ್ದವು, ಅರ್ಥವಿಲ್ಲದ ಅಕ್ಷರಗಳು. ಆಮೇಲೆ ಪರದೆ ತುಂಬ ಒಂದು ಫೋಟೋ ನಿಂತಿತು. ತೀರಿಹೋದ ನಮ್ಮ ಅತ್ತೆಯವರದು! ಹಾಲಿನಲ್ಲಿ ಹಾರ ಹಾಕಿರುವ ಪಟವನ್ನು ಸೊಸೆ ಎಂದೋ ಆ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಅತ್ತೆಯವರು ಗೂಡಿನೊಳಗಿಂದ ನನ್ನನ್ನೇ ನೋಡುತ್ತಿದ್ದರು.

ನನ್ನ ಬಾಯಿಗೆ ಬಂದದ್ದು ಜಪ ಒಂದೇ. ಪಿಸುಗುಟ್ಟುತ್ತ ನಿಂತೆ. ದೀಪ ಒಮ್ಮೆ ಅದುರಿತು. ಎಷ್ಟು ಹೊತ್ತೋ, ಸೊಸೆ ಕೆಳಗೆ ಬಂದು ಲೈಟು ಹಾಕುವವರೆಗೆ.

ಮಾರನೇ ಬೆಳಗ್ಗೆ ರಾಜಾಜಿನಗರದಿಂದ ನನ್ನ ನಾದಿನಿ, ಎಂದರೆ ಯಜಮಾನರ ತಂಗಿ, ಆಟೋದಲ್ಲಿ ಬಂದಿಳಿದಳು. ಮುಖ ಬಿಳುಚಿತ್ತು.

"ಅಣ್ಣಾ, ನಿನ್ನೆ ಸಂಜೆ ಅಮ್ಮ ಫೋನ್ ಮಾಡಿದ್ಲು."

"ಯಾವ ಅಮ್ಮ?"

"ನಮ್ಮಮ್ಮ! ಅತ್ತಿಗೆ ನಂಬರಿಂದ. ಹಲೋ ಹಲೋ ಅಂದೆ, ಮಾತಿಲ್ಲ. ಬಾವಿಯೊಳಗಿಂದ ಬಂದ ಹಾಗೆ ಬರೀ ಜಪ. ಅಮ್ಮನ್ನ ಕೇಳ್ದಂಗೇ ಇತ್ತು. 'ಅಮ್ಮಾ, ನೀನಾ?' ಅಂದೆ. ಜಪ ಇನ್ನೂ ಜೋರಾಯ್ತು!"

ಆ ಜಪ ನನ್ನದೇ, ಗೂಡಿನೊಳಗಿಂದ ದನಿ ಬಂದ ಹಾಗಾಗಿ ಹೆದರಿ ಜೋರು ಮಾಡಿದ್ದೂ ನಾನೇ ಅಂತ ಹೇಳಿದೆ. ಅವಳು ನಂಬಲಿಲ್ಲ. ಯಜಮಾನರು ಕಾಫಿ ಲೋಟ ಕೆಳಗಿಟ್ಟರು.

"ಅದು ಅಮ್ಮ ಆಗಿರಕ್ಕೆ ಸಾಧ್ಯವೇ ಇಲ್ಲ ಕಣೇ. ಫೋನ್ ಕೈಗೆ ಸಿಕ್ಕಿದ್ರೆ ನಮ್ಮಮ್ಮ ಅಷ್ಟು ಹೊತ್ತು ಬರೀ ದೇವರ ಹೆಸರು ಹೇಳ್ತಿದ್ಲಾ? ನಿಮ್ಮತ್ತೆ ವಿಷಯ ಒಂದಾದ್ರೂ ಕೇಳ್ತಿರ್ಲಿಲ್ವಾ?"

ನಾದಿನಿ ನಗಲಿಲ್ಲ. ಅವಳ ಕಣ್ಣು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮೇಲಿತ್ತು. "ಅತ್ತಿಗೆ, ಈ ಫೋನು ಮನೆಗೆ ತಂದಿದ್ದು ಯಾರು?" ಅಂತ ಕೇಳಿದಳು.

ಟೆಸ್ಟರ್ ತಂದವರು

ಬೀದಿ ತುದಿಯ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿದೆವು. ಗಟ್ಟಿ ಆಳು, ದಪ್ಪ ಮೀಸೆ, ದಪ್ಪ ಅಟ್ಟೆಯ ಚಪ್ಪಲಿ. ಪ್ಯಾಸೇಜಿನ ತುದಿಯಲ್ಲಿ ನಿಂತೇ ಎಲ್ಲ ಕೇಳಿಕೊಂಡರು.

"ಆಂಟಿ, ಮೂವತ್ತು ವರ್ಷದಿಂದ ಕರೆಂಟಲ್ಲೇ ಜೀವನ ಮಾಡ್ತಾ ಇದೀನಿ. ಮೊಬೈಲ್ ಶಾಕ್ ಹೊಡೆಯೋದು ಅಂತ ಇಲ್ವೇ ಇಲ್ಲ. ಎಲ್ಲಾ ಮನಸ್ಸು." ಹೀಗಂದು ಚಪ್ಪಲಿ ಕಾಲಲ್ಲೇ ಒಂದು ಹೆಜ್ಜೆ ಒಳಗಿಟ್ಟು, ಕೈಚಾಚಿ, ಮೊಬೈಲನ್ನು ಇಡಿಯಾಗಿ ಅಂಗೈಯಲ್ಲಿ ಹಿಡಿದರು. "ನೋಡಿ! ಏನಾದ್ರೂ ಇದ್ಯಾ?"

ದೇವರಮನೆಯ ಎದುರು ಬೀದಿ ಚಪ್ಪಲಿ ಕಂಡು ನನಗೆ ತಡೆಯಲಾಗಲಿಲ್ಲ. "ಅಣ್ಣ, ತಪ್ಪು ತಿಳ್ಕೋಬೇಡಿ. ಚಪ್ಪಲಿ ಹೊರಗೆ ಬಿಟ್ಟು, ನಲ್ಲೀಲಿ ಸ್ವಲ್ಪ ಕಾಲು ತೊಳ್ಕೊಂಡು ಬಂದ್ಬಿಡಿ," ಅಂದೆ.

"ಅಯ್ಯೋ, ಸಾರಿ ಆಂಟಿ, ದೇವ್ರ ಮನೆ ಅಲ್ವಾ!" ಒಳ್ಳೆಯವರು. ಕಾಲು ತೊಳೆದು ಬಂದರು. ಟೆಸ್ಟರ್ ತೆಗೆದು ಮೊಬೈಲಿನ ಅಂಚಿಗೆ ಇಟ್ಟರು. ಟೆಸ್ಟರಿನೊಳಗೆ ಸಣ್ಣ ಕೆಂಪು ಕಣ್ಣೊಂದು ಮಿಣುಕಿತು. ಎಡಗೈಯ ಬೆರಳೊಂದನ್ನು ನಿಧಾನವಾಗಿ ಚಾಚಿದರು.

"ಹ್ಞಾ!"

ಕೂಗಿಗೆ ಹಿತ್ತಲ ಬೆಕ್ಕು ಕಾಂಪೌಂಡು ಹಾರಿತು. ಎಲೆಕ್ಟ್ರಿಷಿಯನ್ ಹಿಂದಕ್ಕೆ ಸರಿಯುತ್ತ ಸರಿಯುತ್ತ ಬೆವರು ಒರೆಸಿಕೊಂಡರು. ಮೊದಲು ಹೊಡೆಯದ್ದು ಕಾಲು ತೊಳೆದು ಬಂದ ಮೇಲೆ ಹೊಡೆಯಿತು. ಇದು ಅವರಿಗೂ ಗೊತ್ತಾಯಿತು, ಆದರೆ ಬೇರೆ ರೀತಿಯಲ್ಲಿ.

"ಆಂಟಿ, ಶುದ್ಧವಾಗಿ ಬಂದ್ರೆ ಮಾತ್ರ ಇದು ಮಾತಾಡ್ತಾ ಇದೆ," ಅಂತ ಪಿಸುಗುಟ್ಟಿದರು. ಗೂಡಿನ ಕಡೆ ಕೈಮುಗಿದರು. "ಇದು ನಮ್ ಲೈನ್ ಅಲ್ಲ. ಯಾರಾದ್ರೂ ಶಾಸ್ತ್ರಿಗಳನ್ನ ಕರೀರಿ."

ಮಣೆಯ ಮೇಲೆ ಕೂತವರು

ನಮ್ಮ ಪುರೋಹಿತರು ಬಸವೇಶ್ವರನಗರದವರು. ವಯಸ್ಸಾದವರು, ಹುಸಿಮಾತು ಆಡುವವರಲ್ಲ. ಬಂದವರಿಗೆ ಗೂಡಿನ ಕೆಳಗೆ ದಪ್ಪ ಹಲಸಿನ ಮಣೆ ಹಾಕಿದೆ. ಕಾಲು ಮಡಿಚಿ ಮಣೆಯ ಮೇಲೆ ಕೂತು, ಪ್ರಾಣಾಯಾಮ ಮಾಡಿ, "ಕೊಡಮ್ಮಾ" ಅಂದರು. ಮುಟ್ಟಲು ನನಗೆ ಭಯ. ಸೊಸೆ ಚಪ್ಪಲಿ ಚಟಚಟ ಮಾಡಿಕೊಂಡು ಬಂದು, ವೈರಿನ ಸಮೇತ ಮೊಬೈಲನ್ನು ಎತ್ತಿ ಅವರ ಕೈಗಿಟ್ಟು ಹೋದಳು.

ಪುರೋಹಿತರು ಕಣ್ಣು ಮುಚ್ಚಿದರು. ಬಚ್ಚಲಲ್ಲಿ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ದೋಷ ಇಲ್ಲ," ಅಂದರು. "ಪ್ರೇತವೂ ಇಲ್ಲ, ಪೀಡೆಯೂ ಇಲ್ಲ. ನಿಶ್ಚಿಂತೆಯಾಗಿರಿ. ಹೆದರಿಕೊಂಡವರಿಗೆ ಹಗ್ಗವೂ ಹಾವೇ."

ನನ್ನ ಜೀವಕ್ಕೆ ತಂಪಾಯಿತು. ಪುರೋಹಿತರು ಮೊಬೈಲನ್ನು ಗೂಡಿನಲ್ಲಿ ಇಡಲು ಎದ್ದರು. ಮಣೆಯಿಂದ ಒಂದು ಪಾದ ಕೆಳಗಿಟ್ಟರು, ಆ ಒದ್ದೆ ನೆಲದ ಮೇಲೆ.

ಅವರು ಕೂಗಲಿಲ್ಲ, ಅದು ಅವರ ದೊಡ್ಡತನ. ಥಟ್ಟನೆ ಪಾದವನ್ನು ಮತ್ತೆ ಮಣೆಯ ಮೇಲಕ್ಕೆ ಎಳೆದುಕೊಂಡು, ಕೊಕ್ಕರೆಯ ಹಾಗೆ ನಿಂತರು. ಮೆಲ್ಲಗೆ ಇನ್ನೊಂದು ಪಾದ ಇಳಿಸಿ ನೋಡಿದರು. ಅದನ್ನೂ ಎಳೆದುಕೊಂಡರು.

"ಏನು ಹೇಳುತ್ತೆ ಗುರುಗಳೇ?" ಯಜಮಾನರು ಭಕ್ತಿಯಿಂದ ಕೇಳಿದರು.

"ಅದು ಹೇಳೋದು ಹಾಗಿರಲಿ," ಅಂದರು ಪುರೋಹಿತರು, ಮಣೆಯ ಮೇಲೆ ನಿಂತೇ. "ನನ್ನ ಕೈಯಿಂದ ಇದನ್ನ ತೆಗೊಳ್ಳಿ. ಆಮೇಲೆ ಒಬ್ಬ ಒಳ್ಳೇ ಎಲೆಕ್ಟ್ರಿಷಿಯನ್ನನ್ನ ಕರೀರಿ."

ಮಂಡಳಿಯವರ ಸರದಿ

ಸುದ್ದಿ ನಮ್ಮ ಭಜನಾ ಮಂಡಳಿಗೆ ಮುಟ್ಟಿತು. ಮುಟ್ಟಿಸಿದ್ದು ನಾದಿನಿಯೇ. ಆದರೆ ಮಂಡಳಿಯವರು ಹೆದರುವ ಹೆಂಗಸರಲ್ಲ, ಭಕ್ತರು. ಎಲೆಕ್ಟ್ರಿಷಿಯನ್ ಅಂದ ಮಾತು ಅವರಿಗೆ ಸಾಕಾಯಿತು. "ಶುದ್ಧವಾದವರಿಗೆ ಮಾತ್ರ ತಾಯಿ ಜುಮ್ ಅನ್ನಿಸ್ತಾಳಂತೆ" ಅಂತಾಯಿತು. ಗುರುವಾರದ ಭಜನೆ ಮುಗಿಸಿ ಎಲ್ಲರೂ ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದು ಸಾಲಾಗಿ ಬಂದರು. ಒಬ್ಬೊಬ್ಬರೇ ಕತ್ತಲೆ ಪ್ಯಾಸೇಜಿಗೆ ಹೋಗುವುದು, ಒಳಗಿನಿಂದ "ಹಾಂ!" ಅನ್ನುವ ಸದ್ದು, ಕೆನ್ನೆ ಕೆನ್ನೆ ಬಡಿದುಕೊಂಡು ಹೊರಗೆ ಬರುವುದು.

"ನನಗೆ ಬೆರಳಿಗಷ್ಟೇ ಕಣ್ರೀ," ಅಂದರು ಒಬ್ಬರು, ಬೇಜಾರಿನಿಂದ.

"ನನಗೆ ಮೊಣಕೈವರೆಗೂ ಬಂತು," ಅಂದರು ಇನ್ನೊಬ್ಬರು, ಸುತ್ತ ಒಮ್ಮೆ ನೋಡಿ.

ಮಂಡಳಿಯ ಅಧ್ಯಕ್ಷೆ ಸಾಲಿನಲ್ಲಿ ಕೊನೆಯವರು. ಭುಜ ಹಿಡಿದುಕೊಂಡು ಹೊರಗೆ ಬಂದು, ಕಣ್ಣು ಮುಚ್ಚಿ, "ಹೇಳಬಾರದು," ಅಂದುಬಿಟ್ಟರು. ಅವರಿಗೆ ಎಲ್ಲಿಯವರೆಗೆ ಬಂತು ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವರೇ ಮತ್ತೆ ಅಧ್ಯಕ್ಷೆಯಾದರು.

ಅಷ್ಟರಲ್ಲಿ ಸೊಸೆ ಬಂದವರಿಗೆ ಪಾನಕ ತಂದಳು. ಮೊಬೈಲು ಸುಮ್ಮನೆ ಹೊಡೆದುಕೊಳ್ಳುತ್ತಿತ್ತು, ಯಾವುದೋ ಕರೆ. ಟ್ರೇ ಕೆಳಗಿಟ್ಟು, ಚಪ್ಪಲಿ ಕಾಲಲ್ಲಿ ಹೋಗಿ, ಬರಿಗೈಯಲ್ಲಿ ಹಿಡಿದು, "ರಾಂಗ್ ನಂಬರ್ ಅತ್ತೆ" ಅಂತ ಗೂಡಿನಲ್ಲಿಟ್ಟು ಬಂದಳು. ಹೂಂ ಇಲ್ಲ, ಹಾಂ ಇಲ್ಲ.

ಹಾಲಿನಲ್ಲಿ ಪಾನಕವನ್ನು ಯಾರೂ ಮುಟ್ಟಲಿಲ್ಲ. ಅವಳ ನಗು ಮುಖದ ಮೇಲೇ ನಿಂತುಹೋಯಿತು.

ಎಲ್ಲರೂ ಹೋದ ಮೇಲೆ ನಾದಿನಿ ನನ್ನನ್ನು ಮೂಲೆಗೆ ಕರೆದಳು. "ನೋಡಿದ್ರಾ ಅತ್ತಿಗೆ? ಪುರೋಹಿತರಿಗೂ ಆಗಿದೆ. ಅವಳಿಗೆ ಮಾತ್ರ ಏನೂ ಆಗಲ್ಲ. ತಂದವಳೂ ಅವಳೇ. ಹೇಗೂ ಆಷಾಢಕ್ಕೆ ತವರಿಗೆ ಹೋಗ್ತಾಳಲ್ಲ. ಒಂದು ಶಾಂತಿ ಮಾಡ್ಸೋವರೆಗೂ ಕರ್ಕೊಂಡು ಬರಕ್ಕೆ ಅವಸರ ಮಾಡ್ಬೇಡಿ. ಈ ಸಲದ ವರಮಹಾಲಕ್ಷ್ಮಿಗೆ ಅವಳು ಆರತಿ ಹಿಡೀದಿದ್ರೇ ಒಳ್ಳೇದು."

ಹುಡುಗಿ ಬಾಗಿಲ ಹಿಂದೆಯೇ ಇದ್ದಳು. ಕೇಳಿಸಿಕೊಂಡಳು. ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ಊಟಕ್ಕೆ ಕೂತರೆ ಅನ್ನ ಕಲಸುತ್ತ ಕೂರುವಳು. ಒಂದು ದಿನ ನನ್ನ ಹತ್ತಿರ ಬಂದು, "ಅತ್ತೆ, ನನ್ನಲ್ಲಿ ಏನೋ ಇದೆ ಅಂತ ನಿಮಗೂ ಅನ್ಸುತ್ತಾ?" ಅಂದಳು. ಆಷಾಢ ಹತ್ತಿರ ಬರುತ್ತಿತ್ತು. ಒಮ್ಮೆ ಹೋದರೆ ಈ ಮನೆಗೆ ಮತ್ತೆ ಕರೆಸಿಕೊಳ್ಳುತ್ತಾರೋ ಇಲ್ಲವೋ ಅನ್ನುವುದು ಅವಳ ಕಣ್ಣಲ್ಲೇ ಬರೆದಿತ್ತು.

ನಾನು ಅವಳ ತಲೆ ಸವರಿದೆ. "ನನ್ನ ದೇವರು ಹೆಣ್ಣುಮಕ್ಕಳನ್ನ ಹೆದರಿಸೋ ದೇವರಲ್ಲ ಮಗೂ. ಶ್ರಾವಣದ ಮೊದಲ ದಿನಾನೇ ನಿನ್ನ ಕರೆಸ್ಕೋತೀನಿ. ಆರತಿ ನೀನೇ ಹಿಡೀಬೇಕು," ಅಂದೆ.

ಆಷಾಢದಲ್ಲಿ ಅವಳು ಕೆಂಗೇರಿಗೆ ಹೋದಳು. ಮೊಬೈಲು ನಮ್ಮೆಲ್ಲರಿಗೂ ಜುಮ್ ಅನ್ನಿಸುವುದನ್ನು ಬಿಡಲಿಲ್ಲ. "ನೋಡೇ, ಅವಳು ಇಲ್ಲದೇ ಇದ್ರೂ ಹೊಡೀತಾ ಇದೆ. ಈಗೇನಂತೀಯ?" ಅಂತ ಯಜಮಾನರು ತಂಗಿಗೆ ಫೋನ್ ಮಾಡಿ ಕೇಳಿದರು.

"ಅಯ್ಯೋ ಅಣ್ಣಾ, ಅಷ್ಟೂ ಗೊತ್ತಾಗಲ್ವಾ?" ಅಂದಳು ನಾದಿನಿ. "ಅವಳು ಇಲ್ಲ ಅಂತಾನೇ ಅದಕ್ಕೆ ಕೋಪ!"

ವರಮಹಾಲಕ್ಷ್ಮಿಯ ಬೆಳಗ್ಗೆ

ಹೇಳಿದ ಹಾಗೇ ಶ್ರಾವಣಕ್ಕೆ ಸೊಸೆಯನ್ನು ಕರೆಸಿಕೊಂಡೆ. ಹಬ್ಬದ ಬೆಳಗ್ಗೆ ನಾದಿನಿ ಬಂದಳು, ಕಳಶಕ್ಕೆ ಸೀರೆ ಉಡಿಸಲು ಮಂಡಳಿಯ ಇಬ್ಬರು ಬಂದರು. ನಾನು ಕೈತುಂಬ ಹೂರಣ ಮಾಡಿಕೊಂಡು ಪ್ಯಾಸೇಜು ಕಾಣುವ ಹಾಗೆ ಅಡುಗೆಮನೆ ಬಾಗಿಲಲ್ಲಿ ಕೂತಿದ್ದೆ. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ: ತಾಯೀ, ಈ ಹುಡುಗಿ ನಿನ್ನ ಮುಂದೆ ತಲೆತಗ್ಗಿಸಿ ನಿಲ್ಲುವ ಹಾಗೆ ಮಾಡಬೇಡ.

ಹೊರಗೆ ಮೋಡ ಕವಿದು ಬೆಳಗ್ಗೆಯೇ ಮುಸ್ಸಂಜೆಯ ಹಾಗಿತ್ತು. ಸೊಸೆ ತಲೆಗೆ ಸ್ನಾನ ಮಾಡಿ, ಮೊದಲ ಸಲ ಮಡಿಯಲ್ಲಿ, ನೀರಿಳಿಯುವ ಸೀರೆಯಲ್ಲಿ ಪ್ಯಾಸೇಜಿಗೆ ಬಂದಳು. ಮಡಿಗೆ ಚಪ್ಪಲಿ ಸಲ್ಲದು ಅಂತ ಬಚ್ಚಲ ಬಾಗಿಲಲ್ಲೇ ಬಿಟ್ಟಿದ್ದಳು. ಆ ಕೆಂಪು ನೆಲದ ಮೇಲೆ ಅವಳ ಒದ್ದೆ ಹೆಜ್ಜೆಗಳು ಒಂದೊಂದೇ ಮೂಡುತ್ತಿದ್ದವು.

ಸರಿಯಾಗಿ ಆಗಲೇ ಗೂಡು ಬೆಳಗಿತು. ಮೊಬೈಲು ಕೂಗತೊಡಗಿತು.

ಯಾರೂ ಅಲುಗಲಿಲ್ಲ. ಮಂಡಳಿಯ ಇಬ್ಬರೂ ಕಳಶ ಬಿಟ್ಟು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಕೂಗು ನಿಲ್ಲಲಿಲ್ಲ. ಕೊನೆಗೆ ನಾದಿನಿ ಕೊಂಕಿನಿಂದ ಅಂದಳು: "ನೀನೇ ತಗೋಮ್ಮಾ. ನಿನಗೆ ಹೇಗೂ ಏನೂ ಆಗಲ್ವಲ್ಲ."

ಹುಡುಗಿ ತುಟಿ ಕಚ್ಚಿಕೊಂಡು ಕೈಚಾಚಿದಳು.

"ಅಮ್ಮಾ!!"

ಮೊಬೈಲು ವೈರಿನ ಸಮೇತ ಅವಳ ಕೈಯಿಂದ ಹಾರಿ, ಗೂಡಿನ ಕೆಳಗಿದ್ದ ಹೂವಿನ ಬುಟ್ಟಿಗೆ ಬಿತ್ತು. ಅವಳು ಕೈ ಕೊಡವುತ್ತ ಅಲ್ಲೇ ಕುಸಿದು ಕೂತಳು. ಆಮೇಲೆ ನಾದಿನಿ, ಆ ನಾದಿನಿಯೇ, ಎರಡೂ ಕೈ ಮೇಲೆತ್ತಿ ಕಿರುಚಿದಳು:

"ಹೊಡೀತು! ಅತ್ತಿಗೇ, ಇವಳಿಗೂ ಶಾಕ್ ಹೊಡೀತು!"

"ಹೊಡೀತಾ? ನಿಜವಾಗ್ಲೂ ಹೊಡೀತಾ?" ಮಂಡಳಿಯವರು ಚಪ್ಪಾಳೆ ತಟ್ಟಿದರು. "ದೇವರು ದೊಡ್ಡವನು! ಎಲ್ಲಿವರೆಗೆ ಬಂತಮ್ಮಾ?"

ನಾನು ಹೂರಣದ ಕೈಯಲ್ಲೇ ಓಡಿಬಂದು ಅವಳನ್ನು ಅಪ್ಪಿಕೊಂಡೆ. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ಅಳುತ್ತಲೂ ಇದ್ದಳು. "ಅತ್ತೆ, ನನಗೂ ಜುಮ್ ಅಂತು ಅತ್ತೆ!" ಅಂದಳು, ಯಾರೋ ವರ ಕೊಟ್ಟ ಹಾಗೆ. ಹೆಂಗಸರೆಲ್ಲ ಆರತಿ ಹಾಡೇ ಶುರುಮಾಡಿಬಿಟ್ಟರು.

ಗದ್ದಲ ಸ್ವಲ್ಪ ಇಳಿದ ಮೇಲೆ ಹುಡುಗಿ ತನ್ನ ಒದ್ದೆ ಪಾದಗಳನ್ನೇ ನೋಡಿಕೊಂಡಳು. ಎದ್ದುಹೋಗಿ ಚಪ್ಪಲಿ ತಂದಳು. ಮೊಬೈಲನ್ನು ಬಾಳೆ ಎಲೆಯ ಮೇಲೆ ಎತ್ತಿ ಗೂಡಿನಲ್ಲಿಟ್ಟು, ಕಾಲಿಗೆ ಚಪ್ಪಲಿ ಹಾಕಿ ಅಂಚು ಮುಟ್ಟಿದಳು. ಏನೂ ಇಲ್ಲ. ಚಪ್ಪಲಿ ಬಿಟ್ಟು ಮುಟ್ಟಿದಳು. "ಹಾಂ!" ಆಮೇಲೆ ಚಪ್ಪಲಿಯನ್ನು ನಾದಿನಿಯ ಮುಂದೆ ಇಟ್ಟು, "ಈಗ ನೀವು ಹಾಕ್ಕೊಂಡು ಮುಟ್ಟಿ ಅತ್ತೆ," ಅಂದಳು.

ನಾದಿನಿ ಹಾಕಿಕೊಂಡಳು. ಮುಟ್ಟಿದಳು. ಮತ್ತೆ ಮುಟ್ಟಿದಳು. ಏನೂ ಇಲ್ಲ. ಅವಳ ಮುಖ ಸಣ್ಣದಾಯಿತು. ಮಂಡಳಿಯವರು ಅವಳನ್ನು ಒಂದು ಥರಾ ನೋಡಿ, ಅರ್ಧ ಹೆಜ್ಜೆ ಹಿಂದೆ ಸರಿದರು.

"ಸಾಕು, ಆಟ ಆಡಬೇಡಿ!" ಅಂತ ಯಜಮಾನರು ಬಂದು ಸ್ವಿಚ್ಚು ಆರಿಸಿದರು. ಅವರ ಹಿಂದೆಯೇ ಮಗ ಬಂದ, ತಲೆ ಕೆರೆಯುತ್ತ. ಮೊಬೈಲಿನ ಜೊತೆ ಬಂದ ಒಳ್ಳೇ ಚಾರ್ಜರನ್ನು ಮೊದಲ ದಿನವೇ ತನ್ನ ಆಫೀಸಿಗೆ ಒಯ್ದು, ಫುಟ್‌ಪಾತಿನಲ್ಲಿ ಕೊಂಡ ಯಾವುದೋ ಕಳಪೆ ಚಾರ್ಜರು ಇಲ್ಲಿ ಸಿಗಿಸಿದ್ದನಂತೆ. ಅದರಿಂದಲೇ ಗೋಡೆಯ ಕರೆಂಟು ಸ್ವಲ್ಪ ಸೋರಿ ಅಂಚಿಗೆ ಬರುತ್ತಿತ್ತು. ಒದ್ದೆ ಬರಿಗಾಲಿನವರ ಮೈಯಿಂದ ನೆಲಕ್ಕಿಳಿಯುತ್ತಿತ್ತು. ರಬ್ಬರು, ಮಣೆ ಅಡ್ಡ ಇದ್ದವರನ್ನು ಬಿಡುತ್ತಿತ್ತು. ಪರದೆ ತಾನಾಗಿ ಕುಣಿದು ನಾದಿನಿಗೆ ಕರೆ ಹೋದದ್ದೂ ಅದರಿಂದಲೇ. ಮೊಬೈಲು ತನ್ನಷ್ಟಕ್ಕೆ ತಾನು ಪಾಪದ್ದು. ಚಾರ್ಜಿಗೆ ಸಿಕ್ಕಿದಾಗ ಅದರ ಹಿಂದೆ ಇಡೀ ಬೀದಿಯ ಕರೆಂಟು ನಿಂತಿರುತ್ತದೆ. ಚಾರ್ಜರು ಪೂರ್ತಿ ಕೆಟ್ಟರೆ ಜುಮ್ ಅನ್ನುವುದರಲ್ಲೇ ನಿಲ್ಲುವುದಿಲ್ಲ, ಜೀವಕ್ಕೇ ಬರಬಹುದು. ಇಷ್ಟು ದಿನ ನಮ್ಮನ್ನೆಲ್ಲ ಕಾಪಾಡಿದವರು ಯಾರು ಅಂತ ನನ್ನನ್ನು ಕೇಳಿದರೆ, ಉತ್ತರ ನನಗೆ ಗೊತ್ತು.

ನಾದಿನಿ ಚಪ್ಪಲಿ ಬಿಚ್ಚಿ ಬದಿಗಿಟ್ಟಳು. ಆಮೇಲೆ ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, "ಹಿಡಿ ಮಗಳೇ," ಅಂತ ಸೊಸೆಗೆ ಕೊಟ್ಟಳು.

ಆರತಿ ಮುಗಿದು, ಎಲ್ಲರೂ ಹೋಳಿಗೆ ಬಾಯಿಗಿಡಬೇಕು, ಬಾಗಿಲು ದಬದಬ ಬಡಿಯಿತು.

ತೆರೆದರೆ ಕೆಂಗೇರಿಯ ಬೀಗರು! ಬೀಗಿತ್ತಿ ಮಡಿಸೀರೆಯಲ್ಲೇ ಇದ್ದಾರೆ, ಕಣ್ಣೀರು ಸುರಿಯುತ್ತಿದೆ. ಬೀಗರ ಕಂಕುಳಲ್ಲಿ ಎರಡು ಬಾಳೆಕಂದು. ತಮ್ಮ ಮನೆ ಬಾಗಿಲಿಗೆ ಕಟ್ಟಲು ಹಿಡಿದಿದ್ದನ್ನು ಇಳಿಸಲೂ ಮರೆತು, ಮೆಟ್ರೋದಲ್ಲಿ ಹಾಗೇ ನಿಂತುಕೊಂಡು ಬಂದಿದ್ದಾರೆ. ಬೆಳಗ್ಗೆ ಆ ಕರೆ ಮಾಡಿದ್ದು ಬೀಗಿತ್ತಿಯೇ. ಮಗಳ ಬೆರಳು ತಗುಲಿ ಕರೆ ತೆಗೆದುಕೊಂಡಿತ್ತು. ಹೂವಿನ ಬುಟ್ಟಿಯೊಳಗಿಂದ ಮೊಬೈಲು ಎಲ್ಲವನ್ನೂ ಕೆಂಗೇರಿಗೆ ಕೇಳಿಸಿತ್ತು.

"ಏನ್ರೀ ಇದು!" ಬೀಗಿತ್ತಿ ಏದುಸಿರು ಬಿಟ್ಟರು. "ಮಗಳು ಅಮ್ಮಾ ಅಂತ ಕಿರುಚಿದ್ಲು. ನೀವೆಲ್ಲಾ ಶಾಕ್ ಹೊಡೀತು ಅಂತ ಚಪ್ಪಾಳೆ ತಟ್ಟಿದ್ರಿ! ದೇವರು ದೊಡ್ಡವನು ಅಂದ್ರಿ! ಆಮೇಲೆ ಆರತಿ ಹಾಡು ಬೇರೆ!"

ಸೊಸೆ ಒಳಗಿನಿಂದ ಹೋಳಿಗೆ ತಟ್ಟೆ ಹಿಡಿದು ನಗುತ್ತ ಬಂದಳು. ನಾದಿನಿ ಮುಂದೆ ಬಂದು ಬೀಗಿತ್ತಿಯ ಕೈ ಹಿಡಿದುಕೊಂಡಳು. ಕಣ್ಣೊರೆಸಿಕೊಂಡು, ಮನಸಾರೆ ಅಂದಳು:

"ತಪ್ಪು ತಿಳ್ಕೋಬೇಡಿ. ಸಂತೋಷಕ್ಕೆ ತಟ್ಟಿದ್ದು. ನಿಮ್ಮ ಮಗಳೂ ನಮ್ಮ ಹಾಗೇ ಮನುಷ್ಯಳು ಅಂತ ಇವತ್ತು ಗೊತ್ತಾಯ್ತು!"

ಬೀಗರು ಬಾಳೆಕಂದನ್ನು ನಿಧಾನವಾಗಿ ಗೋಡೆಗೆ ಒರಗಿಸಿದರು. ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು.

"ಮದುವೆ ಆಗಿ ಶ್ರಾವಣ ಬಂತು," ಅಂದರು. "ಇಷ್ಟು ದಿನ ಏನು ಅಂದ್ಕೊಂಡಿದ್ರಿ?"

ಕೂತು ಕೇಳಿದ ನಿಮಗೆಲ್ಲ ಆ ತಾಯಿ ಒಳ್ಳೆಯದು ಮಾಡಲಿ. ನಿಮ್ಮ ಮನೆಗೆ ಬಂದ ಹೆಣ್ಣುಮಕ್ಕಳು ನಗುನಗುತ್ತ ಇರಲಿ, ಬಂದ ಬೀಗರು ಉಂಡು ಹೋಗಲಿ, ಹಚ್ಚಿದ ದೀಪ ತಣ್ಣಗೆ ಬೆಳಗಲಿ.